ಹುಳದ ಮನೆಯಲ್ಲಿ ತೊಟ್ಟಿಲು

ಕೂಸಿಗೆ ಎರೆದು ಲೋಬಾನದ ಹೊಗೆ ಹಾಕುತ್ತಿದ್ದೆ. ಮನೆಯ ಒಡತಿ ಮುನಿರತ್ನಮ್ಮ ಓಡಿ ಬಂದು ಕೆಂಡಕ್ಕೆ ಒಂದು ತಂಬಿಗೆ ನೀರು ಸುರಿದೇ ಬಿಟ್ಟಳು.

"ವದ್ದಮ್ಮಾ, ಹೊಗೆ ತಗುಲಿದ್ರೆ ಹುಳ ಸತ್ತೋಗ್ತವೆ."

ವದ್ದು ಅಂದರೆ ತೆಲುಗಿನಲ್ಲಿ ಬೇಡ ಅಂತ. ಮಗಳ ಬಾಣಂತನಕ್ಕೆ ಗದಗದ ಕಡೆಯಿಂದ ಶಿಡ್ಲಘಟ್ಟದ ಹತ್ತಿರದ ಈ ಹಳ್ಳಿಗೆ ಬಂದು ನಾನು ಕಲಿತ ಮೊದಲ ಮಾತೇ ಅದು. ನಮ್ಮಲ್ಲಿ ಕೂಸು ಹುಟ್ಟಿದ ಮನೆ ಓಣಿಗೆಲ್ಲ ಘಮಘಮ ಅನ್ನಬೇಕು. ಇಲ್ಲಿ ಗೋಡೆಯಾಚೆ ರೇಷ್ಮೆ ಹುಳ ಇದ್ದರೆ ಒಗ್ಗರಣೆಗೂ ಹೆದರಬೇಕು.

ಅಳಿಯ ಇಲ್ಲಿನ ಶಾಲೆಯ ಮೇಷ್ಟ್ರು, ಬಾಡಿಗೆಗೆ ಇರೋದು. ಹೆಸರಿಡುವ ದಿನ ಅಂಗಳದಲ್ಲಿ ತೊಟ್ಟಿಲು ಕಟ್ಟಲೇ ಎಂದು ಮುನಿರತ್ನಮ್ಮನನ್ನು ಕೇಳಿದೆ. ವದ್ದು. ಜನ ಸೇರಿದರೆ ಹುಳಕ್ಕೆ ರೋಗ ಬರುತ್ತದಂತೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಮತ್ತೆ ಕೇಳಿದೆ. ರೊಟ್ಟಿ ಇಟ್ಟುಕೊಂಡಳು, ಮಾತು ಬದಲಿಸಲಿಲ್ಲ. ಮೂರನೇ ಸಲ ಸಿಟ್ಟೇ ಬಂತು. ಕೂಸಿಗಿಂತ ಹುಳ ಹೆಚ್ಚಾತೇನವ್ವ ಅಂದೆ.

"ನನ್ನ ಮಕ್ಕಳನ್ನ ಓದಿಸಿದ್ದು ಈ ಹುಳಾನೇ ಅಜ್ಜಿ" ಅಂದಳು, ಮೆಲ್ಲಗೆ.

ಒಳಗೆ ಬಂದು ಅತ್ತುಬಿಟ್ಟೆ. ಹೆಸರಿಡುವ ದಿನ ಹಾಗೇ ದಾಟಿ ಹೋಯಿತು. ಕೂಸಿನ ತಲೆಯನ್ನು ಎಳೆಬಿಸಿಲಿಗೆ ಒಡ್ಡಿ ಆರಿಸಿದೆ. ಹೊಗೆ ಹಾಕಲಿಲ್ಲ.

ಒಂದು ಬೆಳಿಗ್ಗೆ ಹುಳವೆಲ್ಲ ಒಟ್ಟಿಗೆ ಹಣ್ಣಾದವು. ಗೂಡು ಕಟ್ಟುವ ಹೊತ್ತಿಗೆ ಹುಳ ಹೊಂಬಣ್ಣಕ್ಕೆ ತಿರುಗುವುದನ್ನು ಇವರು ಹಾಗನ್ನುತ್ತಾರೆ. ಕೂಲಿಯವರು ಬಂದಿರಲಿಲ್ಲ. ಮುನಿರತ್ನಮ್ಮ ನಮ್ಮ ಬಾಗಿಲಿಗೆ ಬಂದು ನಿಂತಳು.

"ಕೈಕಾಲು ತೊಳ್ಕೊಂಡು ಬನ್ನಿ ಅಜ್ಜಿ. ಮಗೂನ ಬೆರಳು ಹಿಡಿಯೋ ಹಂಗೆ ಹುಳ ಹಿಡೀಬೇಕು."

ಅದು ನನಗೆ ಹೇಳಿಕೊಡಬೇಕೆ? ಸಂಜೆಯವರೆಗೆ ಹುಳ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಹೆಣೆದ ಬಿದಿರಿನ ತಟ್ಟಿಗೆ, ಬಿಟ್ಟೆ.

ಗೂಡು ಮಾರುಕಟ್ಟೆಗೆ ಹೋದ ಮರುದಿನ ಅಂಗಳ ಸಾರಿಸಿ ತೊಟ್ಟಿಲು ಕಟ್ಟಿದವಳು ಅವಳೇ. ಅಳಿಯನಿಗೆ ಅಕ್ಕತಂಗಿಯರಿಲ್ಲ, ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಬೇಕಲ್ಲ ಅಂದೆ. ನಾನಿಲ್ವಾ ಅಂದಳು. ನಾನು ಹೇಳಿಕೊಟ್ಟ ಹಾಗೆ ಕೂಸಿನ ಕಿವಿಗೆ ಬಾಗಿ ಕುರ್‍ರ್ ಅಂದು ಹೆಸರು ಹೇಳಿದಳು ನೋಡಿ, ಬೆನ್ನಿಗೆ ಮೂರು ಗುದ್ದು ಕೊಟ್ಟೆ, ಮೂರು ವದ್ದಿಗೆ ಮೂರು.

"ಅಯ್ಯೋ, ಯಾಕಮ್ಮ ಹೊಡೀತೀರ?"

"ನಮ್ಮ ಕಡೆ ಹೆಸರಿಟ್ಟ ಅತ್ತೆಗೆ ಇದೇ ಮರ್ಯಾದಿ."

ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು.

ಊರಿಗೆ ಯಾವಾಗ ಬರ್ತಿ ಅಂತ ಗದಗದ ಕಡೆಯ ನೀವೆಲ್ಲ ಕೇಳುತ್ತೀರಿ. ಮೊನ್ನೆ ಎರಡು ದಿನಕ್ಕೆ ಊರಿಗೆ ಬಂದಿದ್ದೆನಲ್ಲ, ಪಕ್ಕದ ಮನೆಯಿಂದ ಲೋಬಾನದ ಹೊಗೆ ಎದ್ದಿತು. ಎಷ್ಟು ದಿನದ ಮೇಲೆ ಆ ವಾಸನೆ, ಜೀವ ತಂಪಾಯಿತು. ಆದರೆ ಬಾಯಿಂದ ಬಂದದ್ದು "ವದ್ದಮ್ಮಾ". ನಮ್ಮೂರಲ್ಲಿ ಹುಳ ಎಲ್ಲಿವೆ?