ಸುಮ್ಮನೆ ಮನೆಯಲ್ಲಿದ್ದ ಎರಡು ವರ್ಷ

ಬಿ.ಎ. ಮುಗಿಸಿ ಸುಗಟೂರಿಗೆ ವಾಪಸ್ ಬಂದ ಮೇಲೆ ಎರಡು ವರ್ಷ ನಾನು ನಿರುದ್ಯೋಗಿ. ಓದಿದ್ದು ಅರ್ಥಶಾಸ್ತ್ರ. ನಿರುದ್ಯೋಗದ ಮೇಲೆ ಪುಟಗಟ್ಟಲೆ ಬರೆದು ಪಾಸಾದವನು. ಆದರೆ ನಿರುದ್ಯೋಗಿಗೆ ಪುರುಸೊತ್ತೇ ಇರುವುದಿಲ್ಲ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಬೇಕು, ಯಾರದೋ ಅಜ್ಜಿಯನ್ನು ಕೋಲಾರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಕರೆಂಟು ಬಂದಾಗ ಇನ್ಯಾರದೋ ತೋಟದ ಮೋಟಾರು ಹಾಕಬೇಕು. "ಅವನು ಸುಮ್ನೆ ಇದಾನಲ್ಲ, ಕಳ್ಸಿ" ಅನ್ನುವುದು ಊರಿಗೆಲ್ಲ ಬಾಯಿಪಾಠವಾಗಿತ್ತು.

ಎಲ್ಲರಿಗಿಂತ ಹೆಚ್ಚು ದುಡಿಸಿಕೊಂಡವಳು ಪಕ್ಕದ ಮನೆಯ ದೊಡ್ಡಮ್ಮ. ಅವಳದು ರೇಷ್ಮೆ ಸಾಕಣೆ. ವೇಮಗಲ್‌ನ ಒಂದು ಫ್ಯಾಕ್ಟರಿಯಲ್ಲಿ ನನಗೆ ಇಂಟರ್ವ್ಯೂ ಇದ್ದ ದಿನವೇ ಅವಳ ಹುಳು ಹಣ್ಣಾದವು. ಹಣ್ಣಾದ ಹುಳುವನ್ನು ತಡಮಾಡದೆ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು.

"ಇವತ್ತು ಇಂಟರ್ವ್ಯೂ ಇದೆ ದೊಡ್ಡಮ್ಮಾ," ಅಂದೆ.

"ಅವರಿಗೆ ಫೋನ್ ಮಾಡಿ ನಾಳೆ ಇಟ್ಕೊಳ್ಳೋಕೆ ಹೇಳೋ. ಹುಳಕ್ಕೆ ಹೇಳಿದ್ರೆ ಕೇಳ್ತದಾ?"

ಇಸ್ತ್ರಿ ಮಾಡಿದ ಶರ್ಟಿನಲ್ಲೇ ಕೂತು ಬಸ್ಸಿನ ಹಾರನ್ ಕೇಳುವವರೆಗೆ ಹುಳು ಆರಿಸಿದೆ. ಆಮೇಲೆ ಓಡಿದೆ.

ಫ್ಯಾಕ್ಟರಿಯ ಮ್ಯಾನೇಜರು ಕನ್ನಡಕದ ದಪ್ಪ ಮನುಷ್ಯ. "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂತ ಕೇಳಿದರು.

"ಏನೂ ಇಲ್ಲ ಸಾರ್. ಸುಮ್ನೆ ಮನೇಲಿದ್ದೆ."

ಅವರು ನನ್ನ ಎದೆಯನ್ನೇ ದಿಟ್ಟಿಸುತ್ತಿದ್ದರು. ಬಗ್ಗಿ ನೋಡಿದೆ. ಜೇಬಿನಿಂದ ಒಂದು ಹುಳು ತಲೆಯೆತ್ತಿ, ಪೆನ್ನಿಗೂ ಬಟ್ಟೆಗೂ ನಡುವೆ ನೂಲು ಎಳೆಯುತ್ತಿತ್ತು.

"ಸುಮ್ನಿರೋರ ಜೇಬಲ್ಲಿ ಇದಕ್ಕೇನ್ರೀ ಕೆಲಸ?" ಅಂದವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅವರ ಮನೆಯಲ್ಲೂ ಹುಳು ಸಾಕುತ್ತಿದ್ದರಂತೆ. ಮುಕ್ಕಾಲು ಇಂಟರ್ವ್ಯೂ ಹಿಪ್ಪುನೇರಳೆ ಸೊಪ್ಪಿನ ಮೇಲೇ ನಡೆಯಿತು. ಕೆಲಸ ಸಿಕ್ಕಿತು. ಅದೇ ಸಲಿಗೆಯಲ್ಲಿ, ಸಂಬಳ ಸ್ವಲ್ಪ ಜಾಸ್ತಿ ಮಾಡಿ ಸಾರ್ ಅಂದೆ. ಅವರು ನಗುನಗುತ್ತಲೇ ಕಿಟಕಿ ಕಡೆ ಕೈ ತೋರಿಸಿದರು. ಗೇಟಿನ ಹೊರಗೆ ನನ್ನಂಥವರೇ ಫೈಲು ಹಿಡಿದು ಬಿಸಿಲಲ್ಲಿ ನಿಂತಿದ್ದರು. ಅವರು ಅಲ್ಲಿ ನಿಂತಿರುವಷ್ಟು ದಿನ ಒಳಗಿನವನ ಸಂಬಳ ಏರುವುದಿಲ್ಲ. ಕಾಲೇಜಿನಲ್ಲಿ ತಲೆಗೆ ಹತ್ತದ ಪಾಠ ಒಂದೇ ನೋಟಕ್ಕೆ ಹತ್ತಿತು. ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ.

ಊರಿಗೆ ಬಂದು ಸುದ್ದಿ ಹೇಳಿದಾಗ ಅಮ್ಮ ದೇವರಿಗೆ ದೀಪ ಹಚ್ಚಿದಳು. ದೊಡ್ಡಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಸಂಕಟವಾದರೆ ಅವಳ ಬಾಯಲ್ಲಿ ತೆಲುಗು ಬರುತ್ತದೆ.

"ಏಮಿರಾ ಇದು! ಮುಂದಿನ ಹುಳದ ಬೆಳೆ ಬರೋ ಹೊತ್ತಿಗೇ ಕೆಲಸ ಸಿಗಬೇಕಿತ್ತಾ ನಿಂಗೆ?"

ನಾನೊಬ್ಬ ಕೆಲಸಕ್ಕೆ ಸೇರಿದ್ದಕ್ಕೆ ಅವಳು ಇಬ್ಬರು ಹೆಂಗಸರನ್ನು ಕೂಲಿಗೆ ಇಟ್ಟುಕೊಳ್ಳಬೇಕಾಯಿತು. ಅವರು ಹೊತ್ತಿಗೆ ಸರಿಯಾಗಿ ಕಾಫಿ ಕೇಳುತ್ತಾರೆ, ಸಂಜೆಯಾಗುವ ಮುಂಚೆ ಹೊರಟುಬಿಡುತ್ತಾರೆ ಅಂತ ಈಗಲೂ ದೂರುತ್ತಾಳೆ. ಅದೂ ಭಾನುವಾರ, ನನ್ನ ರಜೆಯ ದಿನ, ಹುಳುಮನೆ ತೊಳೆಯಲು ಕರೆಸಿಕೊಂಡು.