ತಂತಿ ಎತ್ತುವ ದುರುಗಣ್ಣ

ಮೇ ತಿಂಗಳ ಒಂದು ಮಧ್ಯಾಹ್ನ, ಎರಡು ಗಂಟೆ ಐವತ್ತು ನಿಮಿಷಕ್ಕೆ, ದುರುಗಣ್ಣ ಹುಲ್ಲಿನ ಲೋಡಿನ ನೆತ್ತಿಯ ಮೇಲೆ ಅಂಗಾತ ಮಲಗಿ ಕರೆಂಟಿನ ತಂತಿಯೊಂದನ್ನು ನೋಡುತ್ತಿದ್ದ. ಗಾಡಿ ಮುಂದೆ ಸಾಗಿದಂತೆ ಅದು ಅವನ ಕಾಲ್ಬೆರಳುಗಳ ಕಡೆಯಿಂದ ಬಂದು, ಹೊಟ್ಟೆ ದಾಟಿ, ಮೂಗಿನ ಮೇಲೆ ಹಾದು ತಲೆಯ ಹಿಂದಕ್ಕೆ ಸರಿಯಿತು. ಮೂಗಿಗೂ ತಂತಿಗೂ ನಡುವೆ ಇದ್ದದ್ದು ಒಂದೂವರೆ ಗೇಣು ಜಾಗ. ಅಷ್ಟು ಹೊತ್ತೂ ಅವನು ಉಸಿರಾಡಿರಲಿಲ್ಲ. ಎದೆ ಉಬ್ಬಿದರೆ ತಂತಿಗೆ ತಗುಲೀತು ಎಂದು ಲೆಕ್ಕ ಹಾಕಿದ್ದಲ್ಲ, ಉಸಿರಾಡುವುದೇ ಮರೆತುಹೋಗುತ್ತಿತ್ತು.

ತಂತಿ ಹಿಂದಕ್ಕೆ ಹೋದಮೇಲೆ ಎದ್ದು ಕುಳಿತು, ಕೆಳಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ ಅಕ್ಕನ ಮಗ ಜಯಕುಮಾರನಿಗೆ ಕೇಳುವಂತೆ ಕೂಗಿದ.

"ಲೇ ಜಯ, ಟ್ರ್ಯಾಕ್ಟ್ರು ಓಡುಸ್ತಿದೀಯೋ, ಎಮ್ಮೆ ಮೇಯುಸ್ತಿದೀಯೋ?"

ಜಯಕುಮಾರ ತಿರುಗದೆ ಒಂದು ಕೈ ಎತ್ತಿ ಆಡಿಸಿದ. ಪ್ರತಿ ತಂತಿ ದಾಟಿದ ಮೇಲೂ ದುರುಗಣ್ಣ ಹೀಗೆ ಏನಾದರೊಂದು ಕೂಗುತ್ತಿದ್ದ. ಮಾವನಿಗೆ ಮೇಲೆ ಕುಳಿತರೆ ಮೋಜು ಎಂದು ಜಯಕುಮಾರ ತಿಳಿದಿದ್ದ. ದುರುಗಣ್ಣ ಕೂಗುತ್ತಿದ್ದದ್ದು ತನ್ನ ದನಿ ನಡುಗುತ್ತಿದೆಯೋ ಇಲ್ಲವೋ ಎಂದು ತಿಳಿದುಕೊಳ್ಳಲು.

ಹೊರಕೆರೆದೇವಪುರದ ಕಡೆಯ ಅವನ ಊರಿನಲ್ಲಿ ಹುಲ್ಲಿನ ವರ್ಷ ಹೀಗೆ ನಡೆಯುತ್ತದೆ. ಕಾರ್ತಿಕ ಕಳೆದ ಮೇಲೆ ರಾಗಿ ಕೊಯ್ದು, ಒಕ್ಕಿ, ಹುಲ್ಲನ್ನು ಕಣದ ಪಕ್ಕ ಬಣವೆ ಒಟ್ಟುತ್ತಾರೆ. ಆ ಬಣವೆ ಯುಗಾದಿಯ ಹೊತ್ತಿಗೆ ಬುಡಕ್ಕೆ ಬಂದಿರುತ್ತದೆ. ಬದುಗಳಲ್ಲಿ ಹಸಿರು ಹುಲ್ಲು ಚಿಗುರಿ ದನದ ಬಾಯಿಗೆ ಸಿಗುವುದು ಆಷಾಢಕ್ಕೆ. ನಡುವಿನ ತಿಂಗಳುಗಳಿಗೆ ಚನ್ನಗಿರಿ ಕಡೆಯ ನಾಲೆ ಬಯಲಿಂದ ಬೇಸಿಗೆ ಭತ್ತದ ಹುಲ್ಲು ಬರಬೇಕು. ಕೃತ್ತಿಕೆ ಮಳೆ ಹಿಡಿಯುವುದರೊಳಗೆ ತಂದರೆ ಅದು ಮೇವು. ನೆನೆದರೆ ಕಪ್ಪಾಗಿ, ಮುಗ್ಗಲು ಹಿಡಿದು, ದನ ಮೂಸಿ ಮುಖ ತಿರುಗಿಸುತ್ತದೆ.

ಲೋಡು ಎತ್ತರ, ದಾರಿಯ ಮೇಲಿನ ತಂತಿಗಳು ತಗ್ಗು. ಆದ್ದರಿಂದ ಲೋಡಿನ ಮೇಲೆ ಒಬ್ಬನು ಇರಬೇಕು. ಜೋತುಬಿದ್ದ ತಂತಿ ಎದುರಾದಾಗ ತುದಿಯಲ್ಲಿ ಕವಲಿರುವ ಉದ್ದ ಬಿದಿರಿನ ಕೋಲಿನಿಂದ ಅದನ್ನು ಮೇಲಕ್ಕೆತ್ತಿ, ಪಕ್ಕದ ತಂತಿಗೆ ತಾಗದಂತೆ ಹಿಡಿದು, ಗಾಡಿ ಮುಂದೆ ಸರಿದಂತೆ ಹಿಂದಕ್ಕೆ ದಾಟಿಸಬೇಕು. ಇದು ಯಾವ ನಿಯಮವೂ ಒಪ್ಪುವ ಕೆಲಸವಲ್ಲ. ಆದರೂ ಹುಲ್ಲು ಹೀಗೆಯೇ ಬರುತ್ತದೆ. ಇಪ್ಪತ್ತು ವರ್ಷದಿಂದ ಊರಿನ ಹುಲ್ಲಿನ ಮೇಲೆ ಕುಳಿತು ಬರುವವನು ದುರುಗಣ್ಣನೇ.

ಕೆಲಸ ಕಲಿಸಿದವನು ಚಿಕ್ಕತಿಮ್ಮಪ್ಪ. ಒಂದು ವರ್ಷ, ಹಿಂದಿನ ಸಂಜೆ ನಾಲ್ಕು ಹನಿ ಉದುರಿದ್ದವು. ಬೆಳಗ್ಗೆ ಕೋಲು ನೋಡಲು ಒಣಗಿತ್ತು. ಗಿಣ್ಣುಗಳ ಬಿರುಕಿನೊಳಗೆ ತೇವ ಉಳಿದಿತ್ತು. ಒಣ ಬಿದಿರಿನಲ್ಲಿ ಕರೆಂಟು ಹರಿಯಲಾರದು, ತೇವದಲ್ಲಿ ಹರಿಯುತ್ತದೆ. ಅದೇ ಕೋಲಿನಿಂದ ತಂತಿ ಎತ್ತಿದ ಚಿಕ್ಕತಿಮ್ಮಪ್ಪ ಹೇಗೋ ಬದುಕಿಕೊಂಡ. ಬಲಗೈಯಲ್ಲಿ ಎರಡು ಬೆರಳು ಉಳಿದವು, ಎಡಗಾಲು ಸೆಟೆದುಕೊಂಡಿತು. ಅವತ್ತು ಹಿಂದಿನ ಗಾಡಿಯಲ್ಲಿದ್ದ ದುರುಗಣ್ಣ ಅವನನ್ನು ಕೆಳಗಿಳಿಸಿದ್ದ. ಆ ಸುಟ್ಟ ವಾಸನೆ ಇನ್ನೂ ಮೂಗಿನಲ್ಲಿದೆ.

ಅಂದಿನಿಂದ ದುರುಗಣ್ಣನ ಕೋಲು ಒಲೆಯ ಮೇಲಿನ ಅಟ್ಟದಲ್ಲಿ, ವರ್ಷವಿಡೀ ಹೊಗೆಯಲ್ಲಿ ಇರುತ್ತದೆ. ಹೆಂಡತಿ ಏಕಾಂತಮ್ಮ ಹೊಸದಾಗಿ ಗ್ಯಾಸ್ ಒಲೆ ಬಂದಾಗಲೂ ಹಳೆಯ ಒಲೆ ಉಳಿಸಿಕೊಂಡಿದ್ದು ಅರ್ಧ ಈ ಕೋಲಿಗಾಗಿ. "ಹೆಣ್ತಿಗೊಂದು ಕಂಬಳಿ ತರ್ಲಿಲ್ಲ, ಕೋಲನ್ನ ಮಾತ್ರ ಬೆಚ್ಚಗಿಟ್ಟೀಯ" ಎಂದು ಅವಳು ಆಡಿಕೊಳ್ಳುತ್ತಿದ್ದಳು. ಏಕೆಂದು ಕೇಳುತ್ತಿರಲಿಲ್ಲ. ಅವನೂ ಹೇಳುತ್ತಿರಲಿಲ್ಲ.

ತಂತಿಗಳಿಗೂ ಕಾಲಮಾನವಿದೆ. ಪುಷ್ಯದ ಚಳಿಯಲ್ಲಿ ಅವು ಬಿಗಿದು ಮೇಲೆ ನಿಲ್ಲುತ್ತವೆ. ಬೇಸಿಗೆಯ ಮಧ್ಯಾಹ್ನ ಲೋಹ ಕಾದು ಹಿಗ್ಗಿ, ಅದೇ ತಂತಿ ಮೊಳದಷ್ಟು ಕೆಳಗೆ ತೂಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಲೋಡಿನಲ್ಲಿ ಹೊರೆಗಳ ಒಂದು ವರಸೆ ಕಡಿಮೆ ಇರಬೇಕು. ದುರುಗಣ್ಣನಿಗೆ ಇದು ಗೊತ್ತಿತ್ತು. ಆದರೆ ಈ ದಿನ ಲೋಡು ಒಂದು ವರಸೆ ಹೆಚ್ಚಿತ್ತು.

ಬೆಳಗ್ಗೆ ನಾಲೆ ಬಯಲಲ್ಲಿ ಲೋಡು ತುಂಬಿ ಮುಗಿದಾಗ ಗದ್ದೆಯಲ್ಲಿ ಇನ್ನೂ ಒಂದಿಷ್ಟು ಹೊರೆ ಉಳಿದಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮತ್ತೊಂದು ಸಲ ಬರುವಷ್ಟರಲ್ಲಿ ಮಳೆ ಹೊಡೆಯುವುದು ಖಂಡಿತ.

"ಇದುನ್ನೂ ಏರಿಸ್ಬಿಡಾಣ ಮಾವ," ಎಂದಿದ್ದ ಜಯಕುಮಾರ. "ಮರುಳಸಿದ್ದಮ್ಮಂಗೆ ಮಾತು ಕೊಟ್ಟಿದೀನಿ. ಆಯಮ್ಮಂದು ಒಂದೇ ಎಮ್ಮೆ, ಬಣವೆ ಖಾಲಿ."

ಬೇಡ ಎನ್ನಬೇಕೆಂದು ದುರುಗಣ್ಣ ಬಾಯಿ ತೆರೆದ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದರೆ ಹೆದರಿಕೆ ಎನ್ನಬೇಕು. "ಹಾಕು" ಎಂದುಬಿಟ್ಟ.

ಹೊಳಲ್ಕೆರೆಯ ಹೊರಗೆ, ಶಿವಕುಮಾರಪ್ಪನ ಟೀ ಅಂಗಡಿಯ ಮುಂದೆ ಜಯಕುಮಾರ ಗಾಡಿ ನಿಲ್ಲಿಸಿದ. ದುರುಗಣ್ಣ ಹಗ್ಗ ಹಿಡಿದು ಇಳಿದ.

"ಬರ್ರಿ ದುರುಗಣ್ಣ, ಕುಂತ್ಕಳ್ರಿ," ಎಂದ ಶಿವಕುಮಾರಪ್ಪ. "ಈ ಸಲ ಲೋಡು ಆಕಾಶಕ್ಕೇ ಮುಟ್ಟೈತಲ್ರಿ."

"ನಮ್ಮ ಮಾವ ಮೇಲೆ ಕುಂತ್ರೆ ಆಕಾಶನೇ ಪಕ್ಕಕ್ಕೆ ಸರೀತೈತೆ," ಎಂದ ಜಯಕುಮಾರ. "ಹೆದ್ರಿಕೆ ಅಂದ್ರೇನು ಅಂತ್ಲೇ ಇವ್ನಿಗೆ ಗೊತ್ತಿಲ್ಲ."

"ಹಂಗಾರೆ ಕೈಯಾಗಿನ ಟೀ ಯಾಕೆ ತುಳುಕ್ತೈತೆ?"

ದುರುಗಣ್ಣ ಲೋಟ ಕೆಳಗಿಟ್ಟ. "ನಿನ್ ಟೀ ನೋಡಿ ಕಣಪ್ಪ. ಇದುನ್ನ ಕುಡಿಯಾಕೆ ಬೇರೆ ಧೈರ್ಯ ಬೇಕು."

ಎಲ್ಲರೂ ನಕ್ಕರು. ಅವನೂ ನಕ್ಕ. ಪಡುವಣದ ಮೋಡ ಈಗ ಎಣ್ಣೆಗಪ್ಪಾಗಿ ಪಟ್ಟಣದ ಮೇಲೆ ಬಂದಿತ್ತು. ಮೇಲೆ ಹತ್ತುವ ಮೊದಲು ಅವನು ಸೀಟಿನ ಕೆಳಗಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಕೋಲಿಗೆ ಸುತ್ತಿದ. ಕವಲಿನ ತುದಿ ಮಾತ್ರ ಚೀಲದಿಂದ ಹೊರಗೆ ಉಳಿಯಿತು.

ಹೊರಕೆರೆದೇವಪುರದ ರಸ್ತೆಯಲ್ಲಿ ಗಾಳಿ ಎದ್ದಿತು. ಲೋಡು ಅತ್ತಿತ್ತ ತೊನೆಯಿತು. ಈಗ ತಂತಿಗಳೂ ಸುಮ್ಮನೆ ನಿಂತಿರಲಿಲ್ಲ, ತೂಗಾಡುತ್ತಿದ್ದವು. ಮಲಗಿ ದಾಟುವಾಗ ಅವನು ಕಣ್ಣು ಮುಚ್ಚಬಾರದೆಂದು ತುಟಿ ಕಚ್ಚಿ ಹಿಡಿದ. ಒಂದು ಕಡೆ ಕೋಲು ಕೊಟ್ಟು ಎತ್ತಬೇಕಾಯಿತು. ಬಿದಿರಿನ ಮೂಲಕ ತಂತಿಯ ಸಣ್ಣ ಗುಂಯ್‌ಗುಡುವಿಕೆ ಅಂಗೈಗೆ ಬಂತು. ಅದು ಗಾಳಿಯ ಕಂಪನವಷ್ಟೇ ಎಂದು ಅವನಿಗೆ ಗೊತ್ತು. ಗೊತ್ತಿದ್ದರೂ ಕೋಲಿನ ಹಿಡಿತವನ್ನು ಇನ್ನಷ್ಟು ಕೆಳಕ್ಕೆ ಸರಿಸಿದ. ದಾಟಿದ ಮೇಲೆ ಕೂಗಲು ಹೋದ, ದನಿ ಬರಲಿಲ್ಲ.

ಊರಿಗೆ ತಿರುಗುವ ಮಣ್ಣುದಾರಿಯಲ್ಲಿ, ಕೊಳವೆಬಾವಿಯ ತೋಟವೊಂದರ ಪಕ್ಕ, ಕಡೆಯ ತಂತಿಯಿತ್ತು. ಹಿಂದಿನ ವಾರದ ಗಾಳಿಗೆ ಕಂಬ ವಾಲಿತ್ತು. ಹೋಗುವಾಗ ಖಾಲಿ ಟ್ರೇಲರ್‌ನಲ್ಲಿ ಮಲಗಿದ್ದ ದುರುಗಣ್ಣ ಅದನ್ನು ಗಮನಿಸಿರಲಿಲ್ಲ. ಈಗ ನೋಡಿದ. ತಂತಿ ಲೋಡಿನ ನೆತ್ತಿಗಿಂತ ಕೆಳಗಿತ್ತು.

ಲೋಡಿನ ಮೇಲಿಂದ ಜಯಕುಮಾರನ ತೋಳಿಗೆ ಕಟ್ಟಿದ್ದ ಹುರಿಯನ್ನು ಅವನು ಜೋರಾಗಿ ಜಗ್ಗಿದ. ನಿಲ್ಲು ಎಂದು ಅದರ ಅರ್ಥ. ಗಾಡಿ ಕಿರ್ರೆಂದು, ತಂತಿಗೆ ಎರಡು ಮಾರು ಇರುವಂತೆ ನಿಂತಿತು. ಅದೇ ಹೊತ್ತಿಗೆ ಮೊದಲ ಹನಿಗಳು ಬಿದ್ದವು, ಒಂದೊಂದೂ ನೆಲಗಡಲೆಯಷ್ಟು ದಪ್ಪ.

ಒದ್ದೆ ಚೀಲದ ಮೇಲೆ ಕೈ ಜಾರುತ್ತಿದ್ದರಿಂದ ಅವನು ಮೊಣಕಾಲೂರಿ ಅದನ್ನು ಬಿಚ್ಚಿ ಕೋಲು ಎತ್ತಿದ. ಒಂದು ಹನಿ ಕವಲಿನ ಮೇಲೆ ಬಿದ್ದು, ಗಿಣ್ಣು ಗಿಣ್ಣು ಹಾದು, ನಿಧಾನವಾಗಿ ಅವನ ಮುಷ್ಟಿಯವರೆಗೆ ಇಳಿದು ಬಂತು. ಅವನು ಅದನ್ನೇ ನೋಡುತ್ತಿದ್ದ. ಕೈ ಮುಂದಕ್ಕೆ ಹೋಗಲಿಲ್ಲ.

"ಎತ್ತು ಮಾವ," ಕೆಳಗಿಂದ ಜಯಕುಮಾರ ಕೂಗಿದ. "ಹುಲ್ಲು ನೆನೀತೈತೆ."

"ಆಗಲ್ಲ ಜಯ."

"ಏನು?"

"ಕೋಲು ನೆಂದೈತೆ. ಲೈನ್‌ಮನ್‌ಗೆ ಫೋನ್ ಮಾಡು."

ಜಯಕುಮಾರ ಫೋನ್ ಕಿವಿಗಿಟ್ಟು ಒಂದಿಷ್ಟು ಹೊತ್ತು ನಿಂತ. ಆಮೇಲೆ ಜೇಬಿಗೆ ಹಾಕಿಕೊಂಡ. "ಎತ್ತುತಿಲ್ಲ. ಬಿಡು, ಕರೆಂಟೇ ಇಲ್ಲ. ಅಲ್ನೋಡು, ತೋಟದ ಪೈಪಲ್ಲಿ ನೀರು ನಿಂತೈತೆ. ಮೋಟ್ರು ಆಫಾಗೈತೆ. ಸತ್ತ ತಂತಿ ಅದು."

ನಿಜವೇ. ಸ್ವಲ್ಪ ಹೊತ್ತಿನ ಹಿಂದೆ ಹರಿದ ಗುರುತಾಗಿ ಪೈಪಿನ ಬಾಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೋದ ಕರೆಂಟು ಬರಾಕೆ ನಿನ್ನ ಕೇಳ್ತದೇನೋ?"

"ನಿಂಗೆ ವಯಸ್ಸಾತು ಮಾವ. ಕೋಲು ಹಂಗೇ ಹಿಡ್ಕೊಂಡಿರು, ನಾನ್ ಬಂದು ಎತ್ತೀನಿ." ನಗುತ್ತಲೇ ಹೇಳಿದವನು ಟ್ರೇಲರಿನ ಹಿಂದಕ್ಕೆ ಬಂದು ಹಗ್ಗ ಹಿಡಿದು ಏರತೊಡಗಿದ.

ಆಗ ದುರುಗಣ್ಣನಿಗೆ ಆದ ಹೆದರಿಕೆ ಅದುವರೆಗಿನ ಯಾವ ಹೆದರಿಕೆಯಂತೆಯೂ ಇರಲಿಲ್ಲ. ಅದುವರೆಗೆ ಹೆದರಿದ್ದು ತನ್ನ ಮೈಗಾಗಿ. ಈಗ ಹುಲ್ಲಿನ ಅಂಚಿನಲ್ಲಿ ಜಯಕುಮಾರನ ಬೆರಳುಗಳು ಕಾಣಿಸಿದವು. ಐದು ಬೆರಳು, ಒದ್ದೆ, ಪೂರ್ತಿ. ಅವನು ಎರಡು ಕೈಯಿಂದ ಕೋಲನ್ನು ಹಿಡಿದು ದಾರಿಯಾಚೆಯ ಕತ್ತಾಳೆ ಬೇಲಿಯೊಳಕ್ಕೆ ಬೀಸಿ ಒಗೆದ.

ತಲೆ ಮೇಲೆತ್ತಿದ ಜಯಕುಮಾರ ಬೇಲಿಯ ಕಡೆ ನೋಡಿದ. "ಹುಚ್ಚು ಹಿಡೀತಾ ನಿಂಗೆ? ಈಗ ಎಂಗೋ ದಾಟಾದು?"

"ನಂಗೆ ಹೆದ್ರಿಕೆ ಆಗ್ತೈತೆ ಜಯ," ಎಂದ ದುರುಗಣ್ಣ. ದನಿ ಈಗ ನಡುಗುತ್ತಿತ್ತು. ನಡುಗಲಿ ಎಂದು ಬಿಟ್ಟ. "ಬೆಳಗ್ಗೆ ಲೋಡು ಹಾಕ್ವಾಗ್ಲೇ ಆಗಿತ್ತು. ಹೇಳಾಕೆ ನಾಚ್ಕೆ ಆತು. ಚಿಕ್ಕತಿಮ್ಮಪ್ಪನ್ನ ಇಳಿಸ್ದೋನು ನಾನು. ನಿನ್ನ ಇಳ್ಸಾಕೆ ನನ್ ಕೈಲಾಗಲ್ಲ."

ಮಾವನ ಮುಖವನ್ನು ಈ ಬಣ್ಣದಲ್ಲಿ ಜಯಕುಮಾರ ಹಿಂದೆಂದೂ ಕಂಡಿರಲಿಲ್ಲ. ಹಗ್ಗಕ್ಕೆ ಜೋತುಬಿದ್ದವನ ಕಾಲು ತಡಕಾಡಿತು. ಅವನು ನಿಧಾನವಾಗಿ ಕೆಳಗಿಳಿದ.

ಇನ್ನು ಉಳಿದದ್ದು ಒಂದೇ ದಾರಿ: ಮೇಲಿನ ವರಸೆಯನ್ನು ಕೆಳಗೆ ಎಸೆಯುವುದು. ಜಯಕುಮಾರ ಹಗ್ಗ ಸಡಿಲಿಸಿದ. ದುರುಗಣ್ಣ ಹುಲ್ಲಿನ ಮೇಲೆ ಹೊಟ್ಟೆಯೂರಿ, ತಂತಿಯ ಕಡೆ ಬೆನ್ನು ಮಾಡದೆ, ತೆವಳುತ್ತ ಹೊರೆ ಹೊರೆ ತಳ್ಳಿದ. ಸಿಡಿಲು ಗುಡ್ಡದ ಮೇಲೆಲ್ಲೋ ಬಿತ್ತು. ಹೊನ್ನಿನ ಬಣ್ಣದ ಒಳ್ಳೆ ಹುಲ್ಲು ಕೆಸರಿಗೆ ಬೀಳುವುದನ್ನು ನೋಡಲು ಅವನಿಗೆ ಮನಸ್ಸಾಗಲಿಲ್ಲ.

ಅರ್ಧ ವರಸೆ ಇಳಿದಿತ್ತು. ಇದ್ದಕ್ಕಿದ್ದಂತೆ ತೋಟದೊಳಗೆ ಟಕ್ ಎಂದು ಸದ್ದಾಯಿತು. ಕರೆಂಟು ಮರಳಿ ಬಂದು, ಆಟೋ ಸ್ಟಾರ್ಟರ್ ಮೋಟಾರನ್ನು ತಾನೇ ಎಬ್ಬಿಸಿತ್ತು. ಪೈಪು ಒಮ್ಮೆ ಕೆಮ್ಮಿ, ಗಾಳಿ ಉಗುಳಿ, ತೋಳು ದಪ್ಪ ನೀರು ಸುರಿಸತೊಡಗಿತು.

ಇಬ್ಬರೂ ಪೈಪಿನ ಕಡೆ ನೋಡಿದರು. ಆಮೇಲೆ ತಂತಿಯ ಕಡೆ. ಜಯಕುಮಾರ ಟ್ರೇಲರಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ಕೆಸರಿನಲ್ಲೇ ಕುಳಿತುಬಿಟ್ಟ. ದುರುಗಣ್ಣ ಮೇಲೆ ಹುಲ್ಲಿಗೆ ಮುಖ ಒತ್ತಿ ಮಲಗಿದ. ಮಳೆ ಅವನ ಬೆನ್ನಿನ ಮೇಲೆ ಬೀಳುತ್ತಿತ್ತು.

ಉಳಿದ ಹೊರೆಗಳನ್ನು ತಳ್ಳಿ, ಟಾರ್ಪಾಲು ಬಿಗಿದು, ಕೆಳಗಿಳಿದ ಮೇಲೆ ದುರುಗಣ್ಣ ದಾರಿಯ ಅಂಚಿನಲ್ಲಿ ನಿಂತು ತಂತಿಗೂ ಲೋಡಿಗೂ ನಡುವಿನ ಜಾಗವನ್ನು ಕಣ್ಣಳತೆ ಹಾಕಿದ. ಒಂದು ಮೊಳ ಇತ್ತು. ಗಾಳಿ ಸತ್ತ ಗಳಿಗೆ ನೋಡಿ ಕೈ ಬೀಸಿದ. ಮೇಲೆ ಯಾರೂ ಇಲ್ಲದ ಲೋಡು ಅವನ ಕಣ್ಣೆದುರು ತಂತಿಯ ಕೆಳಗೆ ಹಾದುಹೋಯಿತು.

ಮನೆ ಮುಟ್ಟಿದಾಗ ಏಕಾಂತಮ್ಮ ಕಣದಲ್ಲಿ ಗೋಣಿ ಹೊದ್ದು ನಿಂತಿದ್ದಳು. "ಕೋಲೆಲ್ಲಿ?" ಎಂದಳು.

"ಒಗ್ದೆ."

ಅವಳು ಗಂಡನ ಮುಖ ನೋಡಿ, ಜಯಕುಮಾರನ ಮುಖ ನೋಡಿ, ಒಲೆ ಉರಿ ಮಾಡಲು ಒಳಗೆ ಹೋದಳು.

ಮರುದಿನ ಬಿಸಿಲು ಬಂತು. ಬಣವೆ ಒಟ್ಟುವ ಕೆಲಸ ನಡೆಯಿತು. ಮರುಳಸಿದ್ದಮ್ಮನ ಪಾಲನ್ನು ದುರುಗಣ್ಣ ತನ್ನ ಪಾಲಿನಿಂದ ಕೊಟ್ಟ. "ದಾರೀಲಿ ಬಿದ್ದಿದ್ದು ನನ್ ಪಾಲಂತೆ, ನಿನ್ನ ಎತ್ತಿನ ಹುಲ್ಲು ನಾನ್ಯಾಕೆ ತಿನ್ಲಿ?" ಎಂದು ಅವಳು ಜಗಳ ತೆಗೆದಳು. "ತಿನ್ನಾದು ನೀನಲ್ಲಮ್ಮ, ನಿನ್ನ ಎಮ್ಮೆ. ಅದುನ್ನ ಕೇಳ್ಕೊಂಬಾ" ಎಂದು ಅವನು ಕಳಿಸಿದ.

ಜಯಕುಮಾರ ಬಣವೆಯ ಮೇಲೆ ನಿಂತು ಹುಲ್ಲು ಹರಡುತ್ತಿದ್ದ. ಹೊರೆ ಕೊಡಲು ದುರುಗಣ್ಣ ಕೈ ಎತ್ತಿದಾಗ ಅದನ್ನು ಹಿಡಿದುಕೊಂಡು, ಕೆಳಗೆ ಬಗ್ಗಿ, ಬೇರೆ ಯಾರಿಗೂ ಕೇಳದಂತೆ ಕೇಳಿದ.

"ಮಾವ, ನಿನ್ನೆ ಒಂದಕ್ಕೇನಾ, ಇಲ್ಲ ಎಲ್ಲಾ ತಂತಿಗೂ ಹೆದ್ರಿಕೆ ಆಗ್ತೈತಾ?"

"ಎಲ್ಲಕ್ಕೂ."

"ನಾಲೆ ಬಯಲಿಂದ ಇಲ್ಲಿಗಂಟ ಎಷ್ಟವೆ?"

ದುರುಗಣ್ಣ ಯೋಚಿಸಬೇಕಾಗಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ.

"ಅರವತ್ತೇಳು."