ವಾರ ವಾರ ಇಳಿಯುವ ಅಂಕ

ನಿಮ್ಮ ಅಕ್ಕ ಕಂಪ್ಯೂಟರಿನಲ್ಲಿ ಆಡುತ್ತಿದ್ದುದು ಬೇರೆ ಬೇರೆ ಊರಿನವರು ಗುಂಪು ಕಟ್ಟಿ ಆಡುವ ಆಟ. ಎಲ್ಲರೂ ಸೇರಿ ರಾಕ್ಷಸನನ್ನು ಹೊಡೆದರೆ ಒಂದು ಕತ್ತಿಯೋ ಬಿಲ್ಲೋ ಸಿಗುತ್ತದೆ. ಸಿಗುವುದು ಒಂದು, ಹೊಡೆದವರು ಹತ್ತಾರು ಮಂದಿ. ಅದಕ್ಕೇ ಆಡಲು ಬಂದಾಗಲೆಲ್ಲ ಅಂಕ ಕೊಡುತ್ತಾರೆ. ಹೆಚ್ಚು ಅಂಕ ಇದ್ದವರಿಗೆ ವಸ್ತು, ಪಡೆದ ಮೇಲೆ ಅವರ ಅಂಕ ಖರ್ಚು. ಅವಳಿಗೆ ಒಂದು ಬಿಲ್ಲಿನ ಮೇಲೆ ಬಹಳ ಆಸೆಯಿತ್ತು.

ತಾಳ್ಯ ಊರಿನ ನಮ್ಮ ಮನೆಯಲ್ಲಿ ಈ ಅಜ್ಜಿಯ ಜೊತೆ ಅವರೆಕಾಯಿ ಸುಲಿಯುತ್ತಾ ನಿಮ್ಮ ತಾತನಿಗೆ ವಿವರಿಸಿದ್ದಳು.

"ವಾರಕ್ಕೊಂದ್ಸಲ ಎಲ್ಲಾರ ಅಂಕದಾಗೂ ಹತ್ತರಲ್ಲಿ ಒಂದು ಪಾಲು ಕಳೀತಾರೆ ತಾತ."

"ತಪ್ಪು ಮಾಡಿದೋರ್ದಾ?"

"ಎಲ್ಲಾರ್ದೂ. ಇಲ್ಲಾಂದ್ರೆ ಹಳಬ್ರು ಕೂಡಿಟ್ಕಂಡು ಕುಂತ್ಬಿಡ್ತಾರೆ. ಹೊಸಬ್ರಿಗೆ ಏನೂ ಸಿಗಲ್ಲ."

"ಮಾರಿಕಣಿವೆ ಡ್ಯಾಮಿನ ನೀರಿದ್ದಂಗೆ ಅನ್ನು. ತುಂಬಿದಾಗ ಬಿಸ್ಲಿಗೆ ಜಾಸ್ತಿ ಆರ್ತೈತೆ, ತಳ ಕಂಡಾಗ ಕಮ್ಮಿ. ಮಳೆ ಬರ್ತಿದ್ರೆ ಸರಿ, ಇಲ್ಲಾಂದ್ರೆ ಇಳೀತಾನೇ ಇರ್ತೈತೆ."

"ನಮ್ಮ ಗುಂಪಿಗೆ ನೀನೇ ಯಜಮಾನ ಆಗ್ಬೇಕಿತ್ತು ಬಿಡು."

ಗುಂಪಿನಲ್ಲಿ ಹುಬ್ಬಳ್ಳಿ ಕಡೆಯ ಹಳಬನೊಬ್ಬನಿದ್ದ. ಬರುವುದು ಅಪರೂಪ, ಬಂದ ದಿನ ಕೂಡಿಟ್ಟ ಅಂಕದಿಂದ ಒಳ್ಳೆಯದನ್ನು ಎತ್ತಿಕೊಳ್ಳುತ್ತಿದ್ದ. ಹತ್ತರಲ್ಲೊಂದು ಸಾಲದು, ಐದರಲ್ಲೊಂದು ಕಳೆಯಬೇಕು ಎಂದು ನಿಮ್ಮ ಅಕ್ಕ ಹಟ ಹಿಡಿದು ವಾದಿಸಿದಳು. ಹೆಚ್ಚಿನವರು ಒಪ್ಪಿದರು. ಅವನ ಅಂಕ ಬೇಗ ಕರಗಿತು. ದಿನವೂ ಆಡುತ್ತಿದ್ದ ಇವಳು ಎಲ್ಲರಿಗಿಂತ ಮುಂದೆ ಬಂದಳು.

ಅಷ್ಟರಲ್ಲಿ ತಾತನಿಗೆ ಲಕ್ವ ಹೊಡೆಯಿತು. ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರ ಎದುರು ನನಗೆ ಬಾಯಿ ಬರುವುದಿಲ್ಲ. ಕೇಳುವುದು, ಔಷಧಿ ತರುವುದು, ತಾತನಿಗೆ ಗಂಜಿ ಕುಡಿಸುವುದು ಎಲ್ಲ ಅವಳೇ. ವಾರಗಳು ಕಳೆದವು. ಅವಳು ಆಗೀಗ ಫೋನಿನಲ್ಲಿ ಅಂಕ ನೋಡುತ್ತಿದ್ದಳು.

"ಕಮ್ಮಿ ಆಗ್ಯಾವೇನೇ?"

"ಆಗ್ಲಿ ಬಿಡಜ್ಜಿ."

ತಾತ ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ಆಟಕ್ಕೆ ಕುಳಿತಳು. ಅವತ್ತೇ ಗುಂಪಿಗೆ ಆ ಬಿಲ್ಲು ಸಿಕ್ಕಿತು. ಅವಳಿಲ್ಲದಾಗ ಸೇರಿ ಅವಳಿಗಿಂತ ಹೆಚ್ಚು ಅಂಕ ಮಾಡಿದ್ದ ಯಾರಿಗೋ ಹೋಯಿತು. ತಾತನ ಜೊತೆ ಆಸ್ಪತ್ರೆಯಲ್ಲಿದ್ದೆ, ಆ ವಾರಗಳಲ್ಲಿ ಕಳೆದದ್ದನ್ನು ವಾಪಸ್ ಕೊಡಿ ಎಂದು ಅವಳು ಗುಂಪಿಗೆ ಬರೆದಳು. ಕೊಡೋಣ ಎಂದು ಒಂದಿಬ್ಬರು ಹೇಳಿದರು. ಆಮೇಲೆ ಆ ಹಳಬ ಬರೆದದ್ದನ್ನು ನನಗೆ ಓದಿ ಹೇಳಿದಳು. ತಾನು ಬರದೆ ಇದ್ದ ತಿಂಗಳುಗಳಲ್ಲಿ ತನ್ನ ತಾಯಿಗೆ ಕ್ಯಾನ್ಸರ್. ಯಾಕೆ ಬರುತ್ತಿಲ್ಲ ಎಂದು ಯಾರೂ ಕೇಳಲಿಲ್ಲ, ತಾನೂ ಹೇಳಲಿಲ್ಲ ಎಂದಿದ್ದ.

"ಅವ್ರವ್ವ ಉಳಿದ್ರಾ ಕೇಳೇ," ಎಂದೆ.

ಕೇಳಿದಳು. ಇಲ್ಲ ಎಂದು ಬಂತು.

ಅವನ ಅಂಕ ಕೊಡದೆ ನನ್ನದು ಬೇಡ ಎಂದು ಬರೆದಳು. ಅಷ್ಟು ಹಳೆಯದನ್ನು ಈಗ ಕೆದಕುವುದು ಬೇಡ ಎಂದರು ಉಳಿದವರು. ಅವಳು ಕಂಪ್ಯೂಟರ್ ಮುಚ್ಚಿದಳು.

ಮತ್ತೆ ಆಡಲಿಲ್ಲ. ಅವಳ ಹೆಸರು ಇನ್ನೂ ಅಲ್ಲಿದೆಯಂತೆ, ಅಂಕ ವಾರ ವಾರ ಇಳಿಯುತ್ತಿದೆಯಂತೆ. ಪ್ರತಿ ಸಲ ಉಳಿದದ್ದರಲ್ಲಿ ಐದರಲ್ಲೊಂದೇ ಕಳೆಯುವುದು, ಎಷ್ಟು ಇಳಿದರೂ ಪೂರ್ತಿ ಸೊನ್ನೆ ಆಗುವುದಿಲ್ಲ ಎಂದಳು.